ನಿಲ್ಲದ ನಿಲ್ದಾಣವನ್ನು ಸೇರುವುದು ಹೇಗೆ?

‘ನಿಲ್ದಾಣ’ ಎಂಬುದು ‘ನಿಲ್ಲು’ ಎಂಬ ಧಾತುವಿನಿಂದ ಹುಟ್ಟಿದ ಮಾತು. ರೈಲಿನದಾಗಲಿ ಬಸ್ಸಿನದಾಗಲಿ, ನಿಲ್ದಾಣವು ತಾನಿದ್ದ ಎಡೆಯಲ್ಲಿಯೇ ಇರುತ್ತದೆ. ವಾಹನಗಳು ಅಲ್ಲಿಗೆ ಬಂದು ಹೋಗುತ್ತವೆ. ಆದರೆ ಅಂತರಿಕ್ಷ ನಿಲ್ದಾಣವೆಂದು ನಾವು ಕರೆಯುವ ವಸ್ತುವು ಒಂದು ಕ್ಷಣವಾದರೂ ನಿಂತದ್ದಿಲ್ಲ. ನೆಲದಿಂದ ಸುಮಾರು ೪೦೦ ಕಿಲೋಮೀಟರು ಎತ್ತರದಲ್ಲಿ, ಸೆಕೆಂಡಿಗೆ ೭.೬೭ ಕಿಲೋಮೀಟರು ವೇಗದಿಂದ, ಅದು ಭೂಮಿಯನ್ನು ೯೨ ನಿಮಿಷಗಳಿಗೊಮ್ಮೆ ಸುತ್ತುತ್ತಿರುತ್ತದೆ. ಬೆಂಗಳೂರಿನಿಂದ ಮೈಸೂರಿನವರೆಗಿನ ದೂರವನ್ನು ಕ್ರಮಿಸಲು ಅದಕ್ಕೆ ಇಪ್ಪತ್ತು ಸೆಕೆಂಡುಗಳೂ ಬೇಡ. ಸೂರ್ಯನು ಮುಳುಗಿದ ಸ್ವಲ್ಪ ಹೊತ್ತಿನಲ್ಲಿ, ಅದು ನಮ್ಮ ನಾಡಿನ ಮೇಲೆ ಹಾದುಹೋಗುವ ದಿನಗಳಲ್ಲಿ, ಮಿನುಗದೆ ಬೆಳಗುವ ಚುಕ್ಕೆಯೊಂದು ಐದಾರು ನಿಮಿಷಗಳಲ್ಲಿ ಆಕಾಶವನ್ನು ದಾಟುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು.

೨೦೦೦ದ ನವೆಂಬರ್ ೨ರಿಂದ ಈಚೆಗೆ ಆ ಚುಕ್ಕೆಯೊಳಗೆ ಮನುಷ್ಯರಿಲ್ಲದ ದಿನವೇ ಇಲ್ಲ. ಅವರು ಉಣ್ಣುವ ಅನ್ನ, ತೊಡುವ ಬಟ್ಟೆ, ಕೆಟ್ಟುಹೋದ ಯಂತ್ರಕ್ಕೆ ಬೇಕಾದ ಬಿಡಿಭಾಗ ಎಲ್ಲವೂ ನೆಲದಿಂದಲೇ ಹೋಗಬೇಕು. ಅವರೂ ನೆಲದಿಂದಲೇ ಹೋಗಬೇಕು. ಹಾಗಾದರೆ ಇಷ್ಟು ವೇಗವಾಗಿ ಓಡುತ್ತಿರುವ ವಸ್ತುವನ್ನು ಹಿಂದಿನಿಂದ ಹೋಗಿ ಹಿಡಿಯುವ ಬಗೆ ಯಾವುದು? ಅದಕ್ಕಿಂತಲೂ ವೇಗವಾಗಿ ಓಡಿದರಾಯಿತು ಎಂದು ಯಾರಾದರೂ ಹೇಳಿಯಾರು. ನೆಲದ ಮೇಲೆ ಬೆಳೆದ ನಮಗೆಲ್ಲ ತೋರುವ ಉತ್ತರ ಅದೇ. ಅಂತರಿಕ್ಷದಲ್ಲಿ ಅದು ತಪ್ಪು.

ಈ ತಪ್ಪು ಮೊದಲು ಬಯಲಿಗೆ ಬಂದುದು ೧೯೬೫ರ ಜೂನ್ ೩ರಂದು. ಅಮೆರಿಕದ ಜೆಮಿನಿ-೪ ನೌಕೆಯಲ್ಲಿ ಜೇಮ್ಸ್ ಮೆಕ್‌ಡಿವಿಟ್ ಮತ್ತು ಎಡ್ವರ್ಡ್ ವೈಟ್ ಎಂಬಿಬ್ಬರು ಕಕ್ಷೆಯನ್ನು ಸೇರಿದ್ದರು. ಅವರನ್ನು ಮೇಲಕ್ಕೆ ತಂದ ರಾಕೆಟ್ಟಿನ ಬರಿದಾದ ಎರಡನೆಯ ಹಂತವು ಸಮೀಪದಲ್ಲಿಯೇ ತೇಲುತ್ತಿತ್ತು. ಅದರ ಬಳಿಗೆ ಹೋಗಿ ಅದರ ಜೊತೆಯಲ್ಲಿಯೇ ಸಾಗಬೇಕೆಂಬುದು ಯೋಜನೆ. ಮೆಕ್‌ಡಿವಿಟ್ ನುರಿತ ವಿಮಾನ ಚಾಲಕರು. ನೌಕೆಯ ಮೂತಿಯನ್ನು ಗುರಿಯ ಕಡೆಗೆ ತಿರುಗಿಸಿ ಎಂಜಿನ್ನುಗಳನ್ನು ಉರಿಸಿದರು. ಗುರಿಯು ಹತ್ತಿರ ಬರುವುದಕ್ಕೆ ಬದಲಾಗಿ ದೂರ ಸರಿಯಿತು. ಮತ್ತೆ ಉರಿಸಿದರು, ಮತ್ತೆ ದೂರವಾಯಿತು. ಕಡೆಗೆ ಆ ಕೆಲಸಕ್ಕೆ ಒದಗುವ ಇಂಧನದಲ್ಲಿ ಸುಮಾರು ಅರ್ಧದಷ್ಟು ವ್ಯಯವಾಗಲು, ಪ್ರಯತ್ನವನ್ನು ಕೈಬಿಡಬೇಕಾಯಿತು. ಚಾಲಕರ ಕೌಶಲದಲ್ಲಿ ಯಾವ ಕೊರತೆಯೂ ಇರಲಿಲ್ಲ. ನೆಲದ ನ್ಯಾಯವನ್ನು ಅವರು ಆಕಾಶಕ್ಕೆ ಕೊಂಡೊಯ್ದಿದ್ದರು, ಅಷ್ಟೆ.

ಆಕಾಶದ ನ್ಯಾಯವೇನೆಂಬುದನ್ನು ನಮ್ಮ ಪೂರ್ವಿಕರು ಒಂದು ಹೆಸರಿನಲ್ಲಿಯೇ ಹಿಡಿದಿಟ್ಟಿದ್ದಾರೆ. ಶನಿಗ್ರಹಕ್ಕೆ ‘ಶನೈಶ್ಚರ’ನೆಂದು ಹೆಸರು; ಮೆಲ್ಲಗೆ ಚಲಿಸುವವನು ಎಂದು ಅರ್ಥ. ಸೂರ್ಯನಿಗೆ ಸಮೀಪದಲ್ಲಿರುವ ಬುಧನು ೮೮ ದಿನಗಳಲ್ಲಿ ಒಂದು ಸುತ್ತನ್ನು ಮುಗಿಸಿದರೆ, ಬಹುದೂರದ ಶನಿಗೆ ೨೯ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ದಾರಿಯು ಉದ್ದವಾದುದರಿಂದ ಮಾತ್ರವೇ ಹೀಗಲ್ಲ. ಶನಿಯ ನಡಿಗೆಯೂ ನಿಧಾನ. ಹತ್ತಿರದಲ್ಲಿ ಸೂರ್ಯನ ಸೆಳೆತವು ಹೆಚ್ಚು, ದೂರದಲ್ಲಿ ಕಡಿಮೆ. ಹೆಚ್ಚು ಸೆಳೆತವಿರುವಲ್ಲಿ ಒಳಕ್ಕೆ ಬೀಳದೆ ಸುತ್ತಬೇಕಾದರೆ ಹೆಚ್ಚು ವೇಗವು ಬೇಕು. ಭೂಮಿಯನ್ನು ಸುತ್ತುವ ನೌಕೆಗಳಿಗೂ ಇದೇ ನಿಯಮ. ಕೆಳಗಿನ ಕಕ್ಷೆಯಲ್ಲಿರುವುದು ಚುರುಕಾಗಿ ಓಡುತ್ತದೆ. ಮೇಲಿನ ಕಕ್ಷೆಯಲ್ಲಿರುವುದು ಶನೈಶ್ಚರನಾಗುತ್ತದೆ.

ಈಗ ಮೆಕ್‌ಡಿವಿಟ್‌ರ ಕಷ್ಟವು ಅರ್ಥವಾದೀತು. ಮುಂದಿರುವ ಗುರಿಯನ್ನು ಹಿಡಿಯಲೆಂದು ನಾವು ಎಂಜಿನ್ನನ್ನು ಉರಿಸಿ ವೇಗವನ್ನು ಹೆಚ್ಚಿಸಿದೆವೆನ್ನೋಣ. ಹೆಚ್ಚಾದ ವೇಗವು ನೌಕೆಯನ್ನು ಮೇಲಿನ ಕಕ್ಷೆಗೆ ಏರಿಸುತ್ತದೆ. ಮೇಲಿನ ಕಕ್ಷೆಯು ನಿಧಾನದ ಕಕ್ಷೆ. ಆದುದರಿಂದ ನಾವು ಹಿಂದೆ ಬೀಳುತ್ತೇವೆ. ಮುಂದಿನವನನ್ನು ಹಿಡಿಯಬೇಕಾದವನು ಮೊದಲು ತಡೆಹಾಕಿ ಕೆಳಗಿಳಿಯಬೇಕು. ಕೆಳಗಿನ ಒಳಸುತ್ತಿನಲ್ಲಿ ಓಡಿ ಸಮೀಪಕ್ಕೆ ಬಂದ ಮೇಲೆ, ವೇಗವನ್ನು ಕೂಡಿಸಿಕೊಂಡು ಮೇಲಕ್ಕೇರಿ ಅವನನ್ನು ಕೂಡಿಕೊಳ್ಳಬೇಕು.

ಎಷ್ಟು ಕೆಳಗಿಳಿದರೆ ಎಷ್ಟು ಮುಂದೆ ಹೋಗುತ್ತೇವೆ? ಇದರ ಲೆಕ್ಕವು ಪ್ರೌಢಶಾಲೆಯ ಗಣಿತಕ್ಕೆ ಮೀರಿದುದಲ್ಲ. ಅದನ್ನು ಇಲ್ಲಿ ಮಾಡಿಯೇ ನೋಡೋಣ. ಕೆಪ್ಲರನ ಮೂರನೆಯ ನಿಯಮದಂತೆ, ಸುತ್ತುವ ಕಾಲದ ವರ್ಗವು ತ್ರಿಜ್ಯದ ಘನಕ್ಕೆ ಅನುಪಾತದಲ್ಲಿರುತ್ತದೆ. ಆದುದರಿಂದ ತ್ರಿಜ್ಯವು ನೂರಕ್ಕೆ ಒಂದರಷ್ಟು ಕಡಿಮೆಯಾದರೆ, ಕಾಲವು ನೂರಕ್ಕೆ ಒಂದೂವರೆಯಷ್ಟು ಕಡಿಮೆಯಾಗುತ್ತದೆ. ಕಕ್ಷೆಯ ಸುತ್ತಳತೆಯು ೨ × ಪೈ × ತ್ರಿಜ್ಯ. ಒಂದು ಸುತ್ತಿನಲ್ಲಿ ದೊರೆಯುವ ಮುನ್ನಡೆಯು ಈ ಸುತ್ತಳತೆಯ ಅಷ್ಟೇ ಭಾಗ. ಅಂದರೆ ೨ × ಪೈ × ತ್ರಿಜ್ಯವನ್ನು, ೩/೨ರಿಂದಲೂ, ‘ಇಳಿದ ಎತ್ತರ ÷ ತ್ರಿಜ್ಯ’ದಿಂದಲೂ ಗುಣಿಸಬೇಕು. ತ್ರಿಜ್ಯವು ತ್ರಿಜ್ಯದೊಡನೆ ಹೊಡೆದುಹೋಗಿ, ಉಳಿಯುವುದು ೩ × ಪೈ × ಇಳಿದ ಎತ್ತರ. ೩ × ಪೈ ಎಂದರೆ ೯.೪೨. ಹತ್ತು ಕಿಲೋಮೀಟರು ಕೆಳಗಿನ ಕಕ್ಷೆಯಲ್ಲಿರುವ ನೌಕೆಯು ಒಂದೊಂದು ಸುತ್ತಿಗೆ ೯೪ ಕಿಲೋಮೀಟರು ಮುನ್ನಡೆಯುತ್ತದೆ. ಭೂಮಿಯ ಗಾತ್ರವಾಗಲಿ ಕಕ್ಷೆಯ ಎತ್ತರವಾಗಲಿ ಈ ಉತ್ತರದಲ್ಲಿ ಬರುವುದೇ ಇಲ್ಲ. ಚಂದ್ರನ ಸುತ್ತ ಒಂದನ್ನೊಂದು ಬೆನ್ನಟ್ಟುವ ನೌಕೆಗಳಿಗೂ ಲೆಕ್ಕ ಇದೇ.

ಇನ್ನೊಂದು ಲೆಕ್ಕವು ಇದಕ್ಕಿಂತಲೂ ವಿಚಿತ್ರವಾಗಿದೆ. ನಿಲ್ದಾಣದ ಕಕ್ಷೆಯಲ್ಲಿ, ಅದರ ಹಿಂದೆ ಇರುವ ನೌಕೆಯು ತನ್ನ ವೇಗವನ್ನು ಸೆಕೆಂಡಿಗೆ ಒಂದೇ ಒಂದು ಮೀಟರಿನಷ್ಟು ಹೆಚ್ಚಿಸಿತೆನ್ನಿ. ನೆಲದ ನ್ಯಾಯದಂತೆ, ೯೨ ನಿಮಿಷಗಳ ಒಂದು ಸುತ್ತಿನಲ್ಲಿ ಅದು ಐದೂವರೆ ಕಿಲೋಮೀಟರು ಮುಂದೆ ಹೋಗಬೇಕು. ವಾಸ್ತವವಾಗಿ ಮೊದಲ ಹತ್ತು ನಿಮಿಷ ಮಾತ್ರ ಅದು ಮುಂದೆ ಸರಿಯುತ್ತದೆ, ಅದೂ ಸುಮಾರು ನಾನೂರು ಮೀಟರಿನಷ್ಟು. ಆಮೇಲೆ ಮೇಲಕ್ಕೇರುತ್ತ ಹಿಂದೆ ಬೀಳತೊಡಗಿ, ಒಂದು ಸುತ್ತು ಮುಗಿಯುವ ಹೊತ್ತಿಗೆ ಹದಿನಾರೂವರೆ ಕಿಲೋಮೀಟರು ಹಿಂದೆ ಇರುತ್ತದೆ. ನಾವು ನಿರೀಕ್ಷಿಸಿದುದರ ಸರಿಯಾಗಿ ಮೂರರಷ್ಟು, ಅದೂ ವಿರುದ್ಧ ದಿಕ್ಕಿನಲ್ಲಿ! ಈ ‘ಮೂರು’ ಆಕಸ್ಮಿಕವಲ್ಲ. ಮೇಲಿನ ನಿಯಮದಿಂದಲೇ ಅದು ಹೊರಡುತ್ತದೆ. ಕಾಲೇಜಿನಲ್ಲಿ ಕಲನಶಾಸ್ತ್ರವನ್ನು ಓದುವವರು ಅದನ್ನು ತಾವೇ ಸಾಧಿಸಿ ನೋಡಬಹುದು.

ಜೆಮಿನಿ-೪ರ ಪಾಠವನ್ನು ಅಮೆರಿಕನರು ಬೇಗನೆ ಕಲಿತರು. ಅದೇ ವರ್ಷ ಡಿಸೆಂಬರ್ ೧೫ರಂದು ಜೆಮಿನಿ-೬ಎ ನೌಕೆಯು ಕೆಳಗಿನ ಕಕ್ಷೆಯಿಂದ ಮೇಲೇರಿ ಬಂದು, ಜೆಮಿನಿ-೭ರಿಂದ ಒಂದಡಿಯಷ್ಟು ಹತ್ತಿರಕ್ಕೆ ಬಂದು ನಿಂತಿತು. ಮರುವರ್ಷ ಮಾರ್ಚಿಯಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ಎರಡು ನೌಕೆಗಳನ್ನು ಮೊದಲ ಬಾರಿಗೆ ಜೋಡಿಸಿದರು. ಮನುಷ್ಯರಿಲ್ಲದ ಎರಡು ನೌಕೆಗಳು ತಾವಾಗಿಯೇ ಜೋಡಿಕೊಂಡುದು ೧೯೬೭ರ ಅಕ್ಟೋಬರ್ ೩೦ರಂದು. ಅದು ಸೋವಿಯೆತ್ ದೇಶದ ಸಾಧನೆ. ಮುಂದೆ ಸರಕು ಸಾಗಣೆಯೆಲ್ಲ ನಿಂತಿರುವುದು ಈ ಎರಡನೆಯ ಸಾಧನೆಯ ಮೇಲೆಯೇ.

ಏತಕ್ಕೆಂದರೆ, ನಿಲ್ದಾಣವನ್ನು ಕಟ್ಟುವುದು ಒಂದು ಕೆಲಸ, ಅದನ್ನು ಬದುಕಿಸಿಕೊಳ್ಳುವುದು ಬೇರೊಂದು ಕೆಲಸ. ಆರಂಭದ ನಿಲ್ದಾಣಗಳಲ್ಲಿ ಬಾಗಿಲು ಒಂದೇ. ಜನರು ಬಂದ ನೌಕೆಯು ಆ ಬಾಗಿಲಿಗೆ ಅಂಟಿಕೊಂಡಿದ್ದರೆ ಬೇರೆ ಯಾವುದೂ ಬರುವಂತಿರಲಿಲ್ಲ. ಒಳಗಿದ್ದ ಬುತ್ತಿ ತೀರಿದಾಗ ಮನೆಗೆ ಮರಳಬೇಕು. ೧೯೭೭ರಲ್ಲಿ ಮೇಲೇರಿದ ಸಲ್ಯೂತ್-೬ಕ್ಕೆ ಎರಡು ಬಾಗಿಲುಗಳಿದ್ದುವು. ಹಿಂಬಾಗಿಲಿಗೆ ೧೯೭೮ರ ಜನವರಿಯಲ್ಲಿ ಪ್ರೊಗ್ರೆಸ್-೧ ಎಂಬ ಚಾಲಕರಿಲ್ಲದ ಸರಕು ನೌಕೆಯು ಬಂದು ತಗುಲಿಕೊಂಡಿತು. ಅದರ ತೂಕ ಏಳು ಟನ್ನು. ಹೊತ್ತು ತಂದ ಸಾಮಗ್ರಿ ಎರಡು ಟನ್ನಿಗೂ ಮಿಗಿಲು. ಸಾಮಗ್ರಿಯನ್ನು ಇಳಿಸಿಕೊಂಡ ಮೇಲೆ ಕಸಕಡ್ಡಿಯನ್ನು ಅದರೊಳಗೆ ತುಂಬಿ ಬಿಟ್ಟುಬಿಡುತ್ತಾರೆ. ಅದು ಸಾಗರದ ಮೇಲೆ ವಾಯುಮಂಡಲದಲ್ಲಿ ಉರಿದುಹೋಗುತ್ತದೆ. ಒಂದೇ ಪಯಣಕ್ಕೆಂದು ಹುಟ್ಟಿದ ಎತ್ತಿನ ಗಾಡಿಯಿದು. ಆ ಕುಲದ ನೌಕೆಗಳು ಇಂದಿಗೂ ಹೋಗಿ ಬರುತ್ತಿವೆ; ಬರುತ್ತಿವೆಯೆಂದರೆ ತಪ್ಪಾದೀತು, ಹೋಗುತ್ತಿವೆ.

ಸರಕು ನೌಕೆಯು ಹೊತ್ತೊಯ್ಯುವ ವಸ್ತುಗಳಲ್ಲಿ ಕಣ್ಣಿಗೆ ಬೀಳದ ಒಂದುಂಟು: ಎತ್ತರ. ೪೦೦ ಕಿಲೋಮೀಟರಿನಲ್ಲಿಯೂ ಗಾಳಿಯು ಪೂರ್ತಿಯಾಗಿ ಇಲ್ಲವೆಂದಲ್ಲ. ಅತಿ ವಿರಳವಾದ ಆ ಗಾಳಿಯ ತಡೆಯಿಂದ ನಿಲ್ದಾಣವು ತಿಂಗಳಿಗೆ ಸುಮಾರು ಎರಡು ಕಿಲೋಮೀಟರು ಕುಸಿಯುತ್ತದೆ. ಸೂರ್ಯನ ಉಪಟಳ ಹೆಚ್ಚಿದ ವರ್ಷಗಳಲ್ಲಿ ಇನ್ನೂ ಹೆಚ್ಚು. (ಕುಸಿದಂತೆಲ್ಲ ಅದರ ವೇಗವು ಹೆಚ್ಚುತ್ತ ಹೋಗುತ್ತದೆ, ಗಾಳಿಯು ತಡೆದುದರಿಂದ ವೇಗವು ಹೆಚ್ಚಿತೆಂಬ ಈ ಮಾತನ್ನು ವಾಚಕರು ಮೇಲಿನ ನಿಯಮದಿಂದ ಬಿಡಿಸಿಕೊಳ್ಳಲಿ.) ತಗುಲಿಕೊಂಡ ಸರಕು ನೌಕೆಯು ಆಗಾಗ್ಗೆ ತನ್ನ ಎಂಜಿನ್ನನ್ನು ಉರಿಸಿ ಇಡೀ ನಿಲ್ದಾಣವನ್ನು ಮೇಲಕ್ಕೆ ತಳ್ಳುತ್ತದೆ. ಹಾಗೆ ತಳ್ಳುವವರು ಇಲ್ಲದೆಹೋದರೆ ಏನಾಗುವುದೆಂಬುದಕ್ಕೆ ಅಮೆರಿಕದ ಸ್ಕೈಲ್ಯಾಬೇ ಸಾಕ್ಷಿ. ೧೯೭೪ರಲ್ಲಿ ಕಡೆಯ ತಂಡವು ಅದನ್ನು ಬಿಟ್ಟು ಬಂದಿತು. ಅದನ್ನು ಎತ್ತಬೇಕಾಗಿದ್ದ ಷಟಲ್ ನೌಕೆಯು ಸಕಾಲಕ್ಕೆ ಸಿದ್ಧವಾಗಲಿಲ್ಲ. ೧೯೭೯ರ ಜುಲೈ ೧೧ರಂದು ಅದು ಚೂರುಚೂರಾಗಿ ಹಿಂದೂ ಮಹಾಸಾಗರದ ಮೇಲೂ ಪಶ್ಚಿಮ ಆಸ್ಟ್ರೇಲಿಯದ ಮೇಲೂ ಬಿದ್ದಿತು. ಆ ದಿನಗಳಲ್ಲಿ ನಮ್ಮ ಹಳ್ಳಿಗಳಲ್ಲಿಯೂ ಹರಡಿದ್ದ ಭೀತಿಯನ್ನು ಮನೆಯ ಹಿರಿಯರನ್ನು ಕೇಳಿದರೆ ಹೇಳಿಯಾರು.

ನಿಲ್ದಾಣವೇ ಸತ್ತುಹೋದರೆ? ೧೯೮೪ರ ಏಪ್ರಿಲಿನಲ್ಲಿ ನಮ್ಮ ರಾಕೇಶ್ ಶರ್ಮರು ಸೊಯೂಜ್ ಟಿ-೧೧ರಲ್ಲಿ ಹೋಗಿ ಎಂಟು ದಿನಗಳಷ್ಟು ಕಾಲ ತಂಗಿದ್ದುದು ಸಲ್ಯೂತ್-೭ರಲ್ಲಿ. ಅದಾದ ಹತ್ತು ತಿಂಗಳಿಗೆ, ೧೯೮೫ರ ಫೆಬ್ರವರಿಯಲ್ಲಿ, ಒಳಗೆ ಯಾರೂ ಇಲ್ಲದಿದ್ದಾಗ, ಆ ನಿಲ್ದಾಣವು ಮೂಕವಾಯಿತು. ಅದರ ರೇಡಿಯೋ ಉತ್ತರಿಸಲಿಲ್ಲ. ಅದನ್ನು ಸೇರುವುದು ಹೇಗೆ? ಬರುವ ನೌಕೆಗಳು ಅಲ್ಲಿಯವರೆಗೆ ನಿಲ್ದಾಣದ ರೇಡಿಯೋ ಸಂಕೇತವನ್ನು ಹಿಡಿದು ದಾರಿ ಕಂಡುಕೊಳ್ಳುತ್ತಿದ್ದುವು. ಈಗ ಕರೆಯುವವರೇ ಇಲ್ಲ.

ಜೂನ್ ೬ರಂದು ವ್ಲಾದಿಮಿರ್ ಜಾನಿಬೆಕೋವ್ ಮತ್ತು ವಿಕ್ತರ್ ಸವಿನಿಖ್ ಹೊರಟರು. ಮೂರನೆಯ ಆಸನವನ್ನು ಕಿತ್ತು ಆ ಜಾಗದಲ್ಲಿ ನೀರನ್ನೂ ಆಹಾರವನ್ನೂ ಹೆಚ್ಚಾಗಿ ತುಂಬಿದ್ದರು. ನೆಲದ ರಾಡಾರುಗಳು ನಿಲ್ದಾಣವಿರುವ ಎಡೆಯನ್ನು ಹೇಳಿದುವು. ಕಡೆಯ ಕೆಲವು ಕಿಲೋಮೀಟರುಗಳನ್ನು ಜಾನಿಬೆಕೋವರು ಕಣ್ಣಳತೆಯಿಂದಲೂ, ಕೈಯಲ್ಲಿ ಹಿಡಿದ ಲೇಸರ್ ದೂರಮಾಪಕದಿಂದಲೂ ಕ್ರಮಿಸಬೇಕಾಯಿತು. ಇಲ್ಲಿ ವೇಗ ಹೆಚ್ಚಾದರೆ ಡಿಕ್ಕಿ. ತಪ್ಪಿ ಮುಂದೆ ಹೋದರೆ, ಮರಳಿ ಬರಲು ಇಂಧನ ಸಾಲದು. ಇನ್ನೂರು ಮೀಟರು ದೂರದಲ್ಲಿ ನಿಂತು ನೋಡಿದರು; ಸೌರಫಲಕಗಳು ಒಂದೊಂದು ದಿಕ್ಕಿಗೆ ತಿರುಗಿದ್ದುವು; ವಿದ್ಯುತ್ತಿಲ್ಲವೆಂಬುದಕ್ಕೆ ಅದೇ ಗುರುತು. ಜೂನ್ ೮ರಂದು ಅವರು ಸತ್ತ ನಿಲ್ದಾಣಕ್ಕೆ ನೌಕೆಯನ್ನು ಜೋಡಿಸಿದರು.

ಒಳಗೆ ಕತ್ತಲೆ, ಗೋಡೆಗಳ ಮೇಲೆ ಮಂಜುಗಡ್ಡೆ. ನೀರಿನ ತೊಟ್ಟಿಗಳು ಹೆಪ್ಪುಗಟ್ಟಿದ್ದುವು. ಉಣ್ಣೆಯ ಟೋಪಿಗಳನ್ನೂ ದಪ್ಪ ಉಡುಪುಗಳನ್ನೂ ತೊಟ್ಟು, ಜೊತೆಯಲ್ಲಿ ತಂದ ಅಳತೆಯ ನೀರನ್ನು ಕುಡಿಯುತ್ತ, ಅವರು ಬ್ಯಾಟರಿಗಳ ತಂತಿಗಳನ್ನು ನೇರವಾಗಿ ಸೌರಫಲಕಗಳಿಗೆ ಕಟ್ಟಿದರು. ತಮ್ಮ ನೌಕೆಯ ಎಂಜಿನ್ನುಗಳಿಂದ ಇಡೀ ನಿಲ್ದಾಣವನ್ನು ಸೂರ್ಯನ ಕಡೆಗೆ ತಿರುಗಿಸಿದರು. ಬ್ಯಾಟರಿಗಳು ಮೆಲ್ಲಗೆ ತುಂಬಿಕೊಂಡುವು. ಕೇಡಿಗೆ ಮೂಲವನ್ನು ಹುಡುಕಿದಾಗ ದೊರೆತುದು ಇಷ್ಟೆ: ಬ್ಯಾಟರಿಯು ತುಂಬಿದೆಯೆಂದು ಸುಳ್ಳು ಹೇಳಿದ ಒಂದು ಸಂವೇದಕ. ಅದರ ಮಾತನ್ನು ನಂಬಿ ಯಂತ್ರವು ಸೌರಫಲಕಗಳನ್ನು ಕಡಿದುಹಾಕಿತ್ತು. ಜೂನ್ ೨೩ರಂದು ಪ್ರೊಗ್ರೆಸ್-೨೪ ನೌಕೆಯು ನೀರು, ಇಂಧನ ಮತ್ತು ಉಪಕರಣಗಳೊಡನೆ ಬಂದು, ಈ ಬಾರಿ ತಾನಾಗಿಯೇ, ತಗುಲಿಕೊಂಡಿತು. ನಮ್ಮ ಮಟ್ಟಿಗೆ, ಅಂತರಿಕ್ಷದ ದುರಸ್ತಿ ಕೆಲಸಗಳಲ್ಲಿ ಇದಕ್ಕೆ ಸಮನಾದುದು ಇಲ್ಲವೆಂದೇ ತೋರುತ್ತದೆ.

ಬಳಿಗೆ ಬಂದ ಮೇಲೆ ಉಳಿಯುವ ಪ್ರಶ್ನೆಯು ಒಂದೇ: ತಗುಲುವ ವೇಗ. ಎರಡು ವಸ್ತುಗಳೂ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಗಿಲಾಗಿ ಓಡುತ್ತಿದ್ದರೂ, ಅವುಗಳ ನಡುವಣ ವ್ಯತ್ಯಾಸವು ಸೆಕೆಂಡಿಗೆ ಹತ್ತಿಪ್ಪತ್ತು ಸೆಂಟಿಮೀಟರನ್ನು ಮೀರಬಾರದು. ಕಕ್ಷೆಯಲ್ಲಿ ವಸ್ತುಗಳಿಗೆ ತೂಕವು ತೋರುವುದಿಲ್ಲವೆಂದು ಓದಿದವರು, ಡಿಕ್ಕಿಯಿಂದ ಹಾನಿಯೂ ಆಗದೆಂದು ತಿಳಿಯಬಾರದು. ತೂಕವು ತೋರದಿದ್ದರೂ ದ್ರವ್ಯರಾಶಿಯು ಎಲ್ಲಿಗೂ ಹೋಗಿರುವುದಿಲ್ಲ. ಏಳು ಟನ್ನಿನ ನೌಕೆಯು ಸೆಕೆಂಡಿಗೆ ೧೦ ಸೆಂಟಿಮೀಟರಿನಂತೆ ಬಂದು ತಗುಲಿದರೆ ಅದರ ಚಲನಶಕ್ತಿ ೩೫ ಜೂಲುಗಳು. ಸೆಕೆಂಡಿಗೆ ೩ ಮೀಟರಿನಂತೆ ಬಂದರೆ, ವೇಗವು ಮೂವತ್ತು ಪಟ್ಟು, ಶಕ್ತಿಯು ಒಂಬೈನೂರು ಪಟ್ಟು.

೧೯೯೭ರ ಜೂನ್ ೨೫ರಂದು ನಡೆದುದು ಇದೇ. ಮೀರ್ ನಿಲ್ದಾಣದಿಂದ ಬಿಡಿಸಿ ದೂರ ಕಳುಹಿಸಿದ್ದ ಪ್ರೊಗ್ರೆಸ್ ಎಂ-೩೪ ಸರಕು ನೌಕೆಯನ್ನು, ನಿಲ್ದಾಣದೊಳಗೆ ಕುಳಿತು ಟೆಲಿವಿಷನ್ ತೆರೆಯನ್ನು ನೋಡುತ್ತ ಕೈಯಿಂದಲೇ ನಡೆಸಿ ತರುವ ಪರೀಕ್ಷೆ ಅದು. ತಾನಾಗಿ ಅಳೆಯುವ ರಾಡಾರನ್ನು ಆರಿಸಲಾಗಿತ್ತು. ನೌಕೆಯು ಮೇಲಿನಿಂದ ಇಳಿದು ಬರುತ್ತಿದ್ದುದರಿಂದ, ಅದರ ಕ್ಯಾಮೆರಾಕ್ಕೆ ನಿಲ್ದಾಣವು ಕಂಡುದು ಭೂಮಿಯ ಬಿಳಿಯ ಮೋಡಗಳ ಹಿನ್ನೆಲೆಯಲ್ಲಿ. ಕಮಾಂಡರ್ ವಸಿಲಿ ತ್ಸಿಬ್ಲಿಯೆವ್‌ರಿಗೆ ದೂರವೂ ತಿಳಿಯದು, ವೇಗವೂ ತಿಳಿಯದು. ಕಂಡಾಗ ತಡವಾಗಿತ್ತು. ಸೆಕೆಂಡಿಗೆ ಸುಮಾರು ಮೂರು ಮೀಟರು ವೇಗದಲ್ಲಿ ಅದು ಸ್ಪೆಕ್ತರ್ ಎಂಬ ಕೋಣೆಗೆ ಬಡಿಯಿತು, ಗಾಳಿಯು ಸೋರತೊಡಗಿತು.

ಸ್ಪೆಕ್ತರಿನ ಬಾಗಿಲನ್ನು ಮುಚ್ಚಿಬಿಡಬಹುದಾಗಿತ್ತು. ಆದರೆ ಆ ಬಾಗಿಲಿನ ಮೂಲಕ ವಿದ್ಯುತ್ತಿನ ತಂತಿಗಳು ಹಾದುಹೋಗಿದ್ದುವು. ಅಲೆಕ್ಸಾಂದರ್ ಲಜುತ್ಕಿನ್ ಮತ್ತು ಅಮೆರಿಕದ ಮೈಕೇಲ್ ಫೋಲ್ ಅವನ್ನು ಒಂದೊಂದಾಗಿ ಬಿಚ್ಚಿದರು, ಬಿಚ್ಚಲಾರದವನ್ನು ಕತ್ತರಿಸಿದರು, ಮುಚ್ಚಳವನ್ನು ಕೂರಿಸಿದರು. ಪ್ರಾಣವು ಉಳಿಯಿತು, ನಿಲ್ದಾಣದ ವಿದ್ಯುತ್ತಿನಲ್ಲಿ ಸುಮಾರು ಅರ್ಧದಷ್ಟು ಹೋಯಿತು. ಏಟಿನಿಂದ ಗಿರಗಿರನೆ ತಿರುಗತೊಡಗಿದ್ದ ನಿಲ್ದಾಣವನ್ನು ನಿಲ್ಲಿಸಬೇಕಾದರೆ ಅದು ತಿರುಗುವ ವೇಗ ತಿಳಿಯಬೇಕಷ್ಟೆ. ಫೋಲ್‌ರು ಕಿಟಕಿಯ ಬಳಿ ಹೋಗಿ, ಕೈ ಚಾಚಿ ಹೆಬ್ಬೆರಳನ್ನು ನಕ್ಷತ್ರಗಳಿಗೆ ಅಡ್ಡಹಿಡಿದು ಅದನ್ನು ಅಂದಾಜು ಮಾಡಿದರು! ಆ ಅಂದಾಜಿನಂತೆ ಸೊಯೂಜ್ ನೌಕೆಯ ಎಂಜಿನ್ನುಗಳನ್ನು ಉರಿಸಿ ತಿರುಗುವಿಕೆಯನ್ನು ಹತೋಟಿಗೆ ತಂದರು. ಹೆಬ್ಬೆರಳಿನ ಅಗಲದಿಂದ ಕೋನವನ್ನು ಅಳೆಯುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳೂ ಮಾಡಿಕೊಂಡರೆ ನಷ್ಟವಿಲ್ಲ.

ಸರಕು ನೌಕೆಯು ನಿಲ್ದಾಣವನ್ನು ಮುಟ್ಟದೆಯೇ ಹೋಗುವುದೂ ಉಂಟು. ೨೦೧೪ರ ಅಕ್ಟೋಬರ್ ೨೮, ೨೦೧೫ರ ಏಪ್ರಿಲ್ ೨೮, ಅದೇ ವರ್ಷದ ಜೂನ್ ೨೮: ಮೂರು ಬೇರೆ ಬೇರೆ ಬಗೆಯ ರಾಕೆಟ್ಟುಗಳ ಮೇಲೆ ಹೊರಟ ಮೂರು ನೌಕೆಗಳು ಎಂಟು ತಿಂಗಳೊಳಗೆ ನಷ್ಟವಾದುವು. (ತಿಥಿ ನಕ್ಷತ್ರಗಳನ್ನು ನೋಡುವವರಿಗೆ ೨೮ರ ಮೇಲೆ ಅನುಮಾನ ಹುಟ್ಟಿದರೆ ನಾವು ಏನೂ ಹೇಳಲಾರೆವು.) ಉಗ್ರಾಣದಲ್ಲಿ ಕೆಲವು ತಿಂಗಳ ಸಂಗ್ರಹವನ್ನು ಸದಾ ಇಟ್ಟಿರುವ ಪದ್ಧತಿಯು ಆಗ ಕಾಪಾಡಿತು. ಜುಲೈ ೫ರಂದು ಪ್ರೊಗ್ರೆಸ್ ನೌಕೆಯೊಂದು ಬಂದು ಸೇರಿದಾಗ ಒಳಗಿದ್ದವರು ಮೂವರು.

ಜನರನ್ನು ಒಯ್ಯುವ ನೌಕೆಗಳಲ್ಲಿ ಇನ್ನೊಂದು ತೊಡಕು. ಇಕ್ಕಟ್ಟಾದ ಕೋಣೆಯಲ್ಲಿ ಮಂಡಿ ಮಡಿಸಿ ಕುಳಿತವರಿಗೆ ಪ್ರತಿ ಸುತ್ತೂ ದೀರ್ಘ. ಮೊದಲು ಸೊಯೂಜ್‌ಗೆ ೩೪ ಸುತ್ತು, ಎಂದರೆ ಎರಡು ದಿನಗಳು ಬೇಕಾಗಿದ್ದುವು. ಉಡಾವಣೆಯ ಕ್ಷಣದಲ್ಲಿ ನಿಲ್ದಾಣವು ಸರಿಯಾದ ದೂರದಲ್ಲಿರುವಂತೆ ಮೊದಲೇ ಹೊಂದಿಸಿಟ್ಟುಕೊಂಡರೆ ಬೆನ್ನಟ್ಟುವ ಸುತ್ತುಗಳು ಕಡಿಮೆಯಾಗುತ್ತವೆ. ೨೦೧೩ರಲ್ಲಿ ಅದು ಆರು ಗಂಟೆಗಳಿಗೆ ಇಳಿಯಿತು. ೨೦೨೦ರ ಅಕ್ಟೋಬರಿನಲ್ಲಿ ಎರಡೇ ಸುತ್ತುಗಳಲ್ಲಿ, ಮೂರು ಗಂಟೆಗೆ, ಒಂದು ನೌಕೆಯು ಸೇರಿತು. ಎಲ್ಲ ನೌಕೆಗಳಿಗೂ ಇಂಥ ಆತುರವಿಲ್ಲ. ೨೦೨೫ರ ಜೂನ್ ೨೬ರಂದು ಶುಭಾಂಶು ಶುಕ್ಲಾ ಅವರನ್ನು ನಿಲ್ದಾಣಕ್ಕೆ ಮುಟ್ಟಿಸಿದ ಡ್ರ್ಯಾಗನ್ ನೌಕೆಯು ದಾರಿಯಲ್ಲಿ ೨೮ ಗಂಟೆಗಳನ್ನು ಕಳೆಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಐಐಟಿಯೂ ಸೇರಿ ರೂಪಿಸಿದ ಪ್ರಯೋಗಕ್ಕಾಗಿ ಹೆಸರುಕಾಳು ಮತ್ತು ಮೆಂತ್ಯಗಳು ಆ ಯಾತ್ರೆಯಲ್ಲಿ ಹೋಗಿ, ನಿಲ್ದಾಣದಲ್ಲಿ ಮೊಳಕೆಯೊಡೆದುವು.

ಆ ವೇಳೆಗೆ ನಮ್ಮ ದೇಶವೂ ಈ ವಿದ್ಯೆಯ ಮೊದಲ ಪಾಠವನ್ನು ಮುಗಿಸಿತ್ತು. ಸ್ವಂತ ನಿಲ್ದಾಣವನ್ನು ೨೦೩೫ರ ವೇಳೆಗೆ ಕಟ್ಟಬೇಕೆಂಬ ಗುರಿಯುಳ್ಳವರು ಅದನ್ನು ಕಲಿಯದಿದ್ದರೆ ಆಗದು. ೨೦೨೪ರ ಡಿಸೆಂಬರ್ ೩೦ರಂದು ಇಸ್ರೋ ಸಂಸ್ಥೆಯು ತಲಾ ೨೨೦ ಕಿಲೋಗ್ರಾಂ ತೂಕದ ಎರಡು ಉಪಗ್ರಹಗಳನ್ನು ೪೭೫ ಕಿಲೋಮೀಟರು ಎತ್ತರದ ಕಕ್ಷೆಗೆ ಏರಿಸಿತು. ಬೇಟೆಗಾರನೆಂದು ಒಂದು, ಗುರಿಯೆಂದು ಇನ್ನೊಂದು. ಮೊದಲು ಅವನ್ನು ಹತ್ತಿಪ್ಪತ್ತು ಕಿಲೋಮೀಟರು ಅಗಲಿಸಿ, ಆಮೇಲೆ ಹಂತಹಂತವಾಗಿ ಹತ್ತಿರ ತರುವ ಕೆಲಸವು ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಿಂದ ನಡೆಯಿತು. ಒಂದು ದಿನದಲ್ಲಿ ಇಪ್ಪತ್ತು ಕಿಲೋಮೀಟರು ಅಗಲಬೇಕಾದರೆ ಎತ್ತರದಲ್ಲಿ ಎಷ್ಟು ಅಂತರವು ಬೇಕು? ಆ ಕಕ್ಷೆಯಲ್ಲಿ ದಿನಕ್ಕೆ ಹದಿನೈದು ಸುತ್ತುಗಳು, ಸುತ್ತಿಗೆ ೧.೩ ಕಿಲೋಮೀಟರು, ಅದನ್ನು ೯.೪೨ರಿಂದ ಭಾಗಿಸಿದರೆ ಸುಮಾರು ೧೪೦ ಮೀಟರು. ಆರೂವರೆ ಸಾವಿರ ಕಿಲೋಮೀಟರಿಗೂ ಮಿಗಿಲಾದ ತ್ರಿಜ್ಯದಲ್ಲಿ ೧೪೦ ಮೀಟರು!

ಜನವರಿ ೭ಕ್ಕೆ ನಿಶ್ಚಯವಾಗಿದ್ದ ಜೋಡಣೆಯು ಮುಂದಕ್ಕೆ ಹೋಯಿತು. ೮ರಂದು ಉಪಗ್ರಹಗಳು ಎಣಿಸಿದುದಕ್ಕಿಂತ ಹೆಚ್ಚಾಗಿ ಸರಿದುವೆಂದು ಮತ್ತೆ ತಡೆದರು. ೧೨ರಂದು ಹದಿನೈದು ಮೀಟರಿಗೆ, ಅಲ್ಲಿಂದ ಮೂರು ಮೀಟರಿಗೆ ತಂದು, ಜೋಡಿಸದೆಯೇ ಹಿಂದಕ್ಕೆ ಸರಿಸಿದರು. ಅಳತೆಗಳನ್ನು ಮತ್ತೆ ನೋಡಬೇಕಾಗಿತ್ತು. ಜನವರಿ ೧೬ರ ಬೆಳಿಗ್ಗೆ ಬೇಟೆಗಾರನು ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರಿನಂತೆ, ಇರುವೆಯ ನಡಿಗೆಯಲ್ಲಿ, ಬಂದು ಗುರಿಯನ್ನು ಮುಟ್ಟಿದನು, ಕೊಂಡಿಗಳು ಹಿಡಿದುಕೊಂಡುವು.